ಐವತ್ನಾಲ್ಕು ನಿಮಿಷದ ನೀರು

ನಮ್ಮ ಮನೆಯಲ್ಲಿ ದೇವರ ಎಡೆಗೆಂದು ಮಾಡಿದ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಮುದ್ದೇಬಿಹಾಳದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗದು ಗೊತ್ತಿರಲಿಲ್ಲ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ, ನನ್ನ ತವರಿನಲ್ಲಿ, ಅವ್ವ ಒಂದು ಬೆರಳು ಅದ್ದಿ ನೋಡಿಯೇ ಒಲೆಯಿಂದ ಇಳಿಸುತ್ತಿದ್ದಳು. ಆ ರೂಢಿಯಲ್ಲೇ ನಾನು ಹೋಳಿಗೆಯ ಹೂರಣಕ್ಕೆ ಬೆಲ್ಲ ಸಾಕೋ ಬೇಕೋ ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೂಗಾಡಲಿಲ್ಲ. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಅಷ್ಟೂ ಹೂರಣವನ್ನು ಆಕಳ ಮುಂದೆ ಸುರಿದು ಬಂದು, "ಬ್ಯಾಳಿ ಮತ್ತ ಕುದಿಯಾಕ ಇಡು," ಎಂದರು.

"ಅಲ್ರಿ ಅತ್ತಿ, ಬೆಲ್ಲ ಕಡಿಮಿ ಆಗಿತ್ತೇನೋ ಅಂತ ನೋಡಿದ್ನಿ."

"ಅಳತಿ ಗೊತ್ತಿದ್ದಾಕಿಗಿ ರುಚಿ ಯಾಕ ಬೇಕು?"

ಅಂದಿನಿಂದ ಕಲಿತೆ. ಬೇಳೆಯನ್ನು ಮೊರದಲ್ಲಿ ಹರಡಿ ಕಲ್ಲು ಆರಿಸುವುದು, ಉಪ್ಪನ್ನು ಅಂಗೈಯ ಗುಳಿಯಲ್ಲಿ ಅಳೆಯುವುದು, ಒಲೆಗೆ ಏರುವ ಮೊದಲೇ ಎಲ್ಲವೂ ಸರಿಯಿರುವಂತೆ ನೋಡಿಕೊಳ್ಳುವುದು. ಒಲೆಗೇರಿದ ಮೇಲೆ ಕೇಳುವಂತಿಲ್ಲ. ಹದಿನಾರು ವರ್ಷಗಳಲ್ಲಿ ಎಡೆಯ ಸಾರಿಗೆ ಉಪ್ಪು ಹೆಚ್ಚಾದದ್ದು ಎರಡೇ ಸಲ. ಅದನ್ನು ನಾನು ದೇವರ ದಯೆ ಎಂದೇ ಎಣಿಸುತ್ತೇನೆ. ನನ್ನ ಜಾಣತನ ಎಂದಲ್ಲ.

ನಾನು ಓದಿದ್ದು ಕಂಪ್ಯೂಟರ್ ಇಂಜಿನಿಯರಿಂಗ್, ವಿಜಯಪುರದಲ್ಲಿ. ಕೊನೆಯ ಪರೀಕ್ಷೆ ಮುಗಿದ ಹತ್ತೊಂಬತ್ತನೆಯ ದಿನ ಮದುವೆ. ಆಮೇಲೆ ಆ ಪದವಿ ಪತ್ರ ಟ್ರಂಕಿನಲ್ಲಿ, ಮದುವೆಯ ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆ ಹಿಡಿದು ಮಲಗಿತ್ತು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರು. ಒಳ್ಳೆಯವರು, ಮಾತು ಕಡಿಮೆ. ಅವರ ತಮ್ಮ, ನನ್ನ ಮೈದುನ, ಬಸವನ ಬಾಗೇವಾಡಿಯಲ್ಲಿ ಒಂದು ಮೆಡಿಕಲ್ ಅಂಗಡಿಯ ಮಾಳಿಗೆಯ ಮೇಲೆ ಸಣ್ಣ ಸಾಫ್ಟ್‌ವೇರ್ ಆಫೀಸು ತೆಗೆದಾಗ ಕೈ ಕಡಿಮೆ ಬಿದ್ದವು. ಆಗ ಅವರಿಗೆ ನನ್ನ ಟ್ರಂಕು ನೆನಪಾಯಿತು.

"ವೈನಿ, ಮನ್ಯಾಗ ಕುಂತ ಮಾಡ್ರಿ. ಹಳೇದೊಂದು ಲ್ಯಾಪ್‌ಟಾಪ್ ಕೊಡ್ತೇನಿ."

ಅತ್ತೆಯ ಅಪ್ಪಣೆ ಒಂದು ಷರತ್ತಿನೊಂದಿಗೆ ಬಂತು: ಅಡಿಗಿ, ಪೂಜಿ ಮುಗದ ಮ್ಯಾಲ. ದೇವರ ಕೋಣೆಯ ಪಕ್ಕದ ಕಿಟಕಿಯಡಿ ಒಂದು ಕುರ್ಚಿ, ಒಂದು ಸ್ಟೂಲು. ಹೊಲಿಗೆ ಮಷಿನ್ನು ಇಡುತ್ತಿದ್ದ ಜಾಗ. ಹದಿನೈದು ವರ್ಷ ಆ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಒಂದು ಮೂಲೆ ಇರಲಿಲ್ಲ, ಈಗ ಇತ್ತು. ಸುಳ್ಳೇಕೆ ಹೇಳಲಿ, ಆ ಕುರ್ಚಿಯನ್ನು ಕಳೆದುಕೊಳ್ಳುವ ಹೆದರಿಕೆ ನನಗೆ ಯಮನ ಹೆದರಿಕೆಗಿಂತ ದೊಡ್ಡದಾಯಿತು. ಮುಂದೆ ಆದದ್ದಕ್ಕೆಲ್ಲ ಆ ಹೆದರಿಕೆಯೂ ಒಂದು ಕಾರಣ.

ಕೋಡ್ ಬರೆಯುವುದರಲ್ಲಿ ನನ್ನ ದಾರಿ ಒಂದು, ಮೈದುನನ ದಾರಿ ಇನ್ನೊಂದು.

ಕಂಪೈಲರ್ ಎಂಬುದು ನಾವು ಬರೆದದ್ದನ್ನೆಲ್ಲ ಓಡಿಸುವ ಮೊದಲೇ ಒಮ್ಮೆ ಓದುತ್ತದೆ. ಇಲ್ಲಿ ಹೆಸರು ಬೇಕೆಂದಿದ್ದೀ, ಅಲ್ಲಿಂದ ಅಂಕಿ ಬರುತ್ತಿದೆ, ನಮೂನೆ ಕೂಡುವುದಿಲ್ಲ ಎಂದರೆ ಕೆಂಪು ಗೆರೆ ಎಳೆದು ಕೂತುಬಿಡುತ್ತದೆ. ನೀವು ಯಾರ ಸೊಸೆ, ಯಾರ ಮೈದುನ ಎಂದು ಅದು ನೋಡುವುದಿಲ್ಲ. ನನಗೆ ಅದು ಒಲೆಗೇರುವ ಮೊದಲು ಕಲ್ಲು ಆರಿಸಿದ ಹಾಗೆ. ಹಾಗಾಗಿ ನಾನು ಪ್ರತಿಯೊಂದಕ್ಕೂ ಬೇರೆ ಬೇರೆ ನಮೂನೆ ಕಟ್ಟಿ, ಒಂದು ಇನ್ನೊಂದರಲ್ಲಿ ಬೆರೆಯದಂತೆ ಬರೆಯುತ್ತಿದ್ದೆ.

ಮೈದುನ ಹುಬ್ಬಳ್ಳಿಯಲ್ಲಿ ಆರು ತಿಂಗಳು ತರಬೇತಿ ಮಾಡಿ ಬಂದವರು. ಅವರ ಬಾಯಲ್ಲಿ ಒಂದೇ ಮಾತು: ಮೊದಲು ಟೆಸ್ಟ್, ಆಮೇಲೆ ಕೋಡ್. ಅಂದರೆ, ಇಷ್ಟು ಕೊಟ್ಟರೆ ಇಷ್ಟು ಉತ್ತರ ಬರಬೇಕು ಎಂದು ಪ್ರಶ್ನೆಗಳನ್ನು ಮುಂಚೆಯೇ ಬರೆದಿಟ್ಟುಕೊಳ್ಳುವುದು. ಕೋಡ್ ಇನ್ನೂ ಇಲ್ಲ, ಆದ್ದರಿಂದ ಎಲ್ಲ ಪ್ರಶ್ನೆಗಳೂ ಕೆಂಪು. ಕೋಡ್ ಬರೆಯುತ್ತ ಹೋದಂತೆ ಒಂದೊಂದೇ ಹಸಿರಾಗಬೇಕು. ಎಲ್ಲ ಹಸಿರಾದರೆ ಕೆಲಸ ಮುಗಿಯಿತು.

"ನಿಮ್ದು ದೇವರ ಎಡಿ ಮಾಡೂ ಪದ್ಧತಿ ವೈನಿ," ಎಂದು ನಗುತ್ತಿದ್ದರು. "ಎಲ್ಲಾ ಮಡೀಲೆ ಮಾಡ್ತೀರಿ, ಬಾಯಾಗ ಇಟ್ಟ ನೋಡಂಗಿಲ್ಲ. ನಂದು ಖಾನಾವಳಿ ಪದ್ಧತಿ. ಗಿರಾಕಿಗಿ ಬಡಸೂ ಮೊದ್ಲ ನಾ ತಿಂದ ನೋಡಾಂವ."

"ಖಾನಾವಳ್ಯಾಗ ಉಂಡವರ ಹೊಟ್ಟಿ ಕೆಡೂದ ಹೆಚ್ಚು," ಎಂದು ನಾನು ಹೇಳಿದರೆ ಅತ್ತೆ ಕೂಡ ನಗುತ್ತಿದ್ದರು. ಆಗ ನಗು ಇತ್ತು.

ನನ್ನ ದಾರಿಯ ಮೇಲೆ ನನಗೆ ನಂಬಿಕೆ ಬಲಿತದ್ದು ಇಂಡಿ ಊರಿನ ಒಂದು ಕೆಲಸದಲ್ಲಿ. ಅಲ್ಲಿನ ಒಬ್ಬ ನಿಂಬೆಹಣ್ಣಿನ ವ್ಯಾಪಾರಿಗೆ ದಿನದ ಆವಕದ ಲೆಕ್ಕ ಬೇಕಿತ್ತು. ಹಣ್ಣು ಕೆಲವರಿಂದ ಎಣಿಕೆಯ ಮೇಲೆ ಬರುತ್ತದೆ, ಕೆಲವರಿಂದ ತೂಕದ ಮೇಲೆ. ಒಂದು ಮಧ್ಯಾಹ್ನ ರೊಟ್ಟಿಯ ಹಿಟ್ಟಿನ ಕೈ ತೊಳೆದು ಬಂದು ಅವಸರದಲ್ಲಿ ಎರಡನ್ನೂ ಕೂಡಿಸಿಬಿಟ್ಟಿದ್ದೆ: ಸಾವಿರ ಹಣ್ಣಿಗೆ ನಲವತ್ತು ಕಿಲೋ ಸೇರಿಸಿ ಸಾವಿರದ ನಲವತ್ತು. ಕಂಪೈಲರ್ ತಡೆಯಿತು. ಎಣಿಕೆಗೆ ತೂಕ ಕೂಡದು ಎಂದು ಕೆಂಪು ಗೆರೆ. ಯಾರಿಗೂ ತಿಳಿಯದಂತೆ ನನ್ನ ಮಾನ ಉಳಿಯಿತು. ಅಂದು ಲಿಂಗಪೂಜೆಗೆ ಕುಳಿತಾಗ ಅದನ್ನೂ ನೆನೆದು ಕೈ ಮುಗಿದೆ. ಜನ ಆಕಳಿಗೆ ಕೈ ಮುಗಿಯುತ್ತಾರೆ, ಬಾವಿಗೆ ಮುಗಿಯುತ್ತಾರೆ. ನಾನು ಇದಕ್ಕೆ ಮುಗಿದರೆ ತಪ್ಪೇನು ಎನಿಸಿತ್ತು.

ಆಮೇಲೆ ನೀರಿನ ಕೆಲಸ ಬಂತು.

ನಾಲತವಾಡದ ಕೆಳಗೆ ಕೆಲವು ಊರುಗಳಿಗೆ ಕಾಲುವೆಯ ನೀರು ಪಾಳಿಯ ಮೇಲೆ ಸಿಗುತ್ತದೆ. ಒಂದು ಎಕರೆಗೆ ಮೂರು ತಾಸು. ಹನ್ನೆರಡು ದಿನಕ್ಕೊಮ್ಮೆ ಒಂದು ಸುತ್ತು. ಮೊದಲು ನೀರಗಂಟಿ ಸೈಕಲ್ ಮೇಲೆ ಬಂದು, ನಿನ್ನ ಪಾಳಿ ಬಂತು, ನಿನ್ನ ಪಾಳಿ ಮುಗಿಯಿತು ಎಂದು ಕೂಗಿ ಹೋಗುತ್ತಿದ್ದ. ಅದರಲ್ಲಿ ಜಗಳಗಳಾಗುತ್ತಿದ್ದವು. ಹಾಗಾಗಿ ಅಲ್ಲಿನ ನೀರು ಬಳಕೆದಾರರ ಸಂಘದವರು, ಪ್ರತಿಯೊಬ್ಬರ ಮೊಬೈಲಿಗೂ ಪಾಳಿಯ ಸಮಯ ತಾನೇ ಹೋಗುವಂತೆ ಮಾಡಿಕೊಡಿ ಎಂದು ಮೈದುನನನ್ನು ಕೇಳಿದರು. ಸಂಘದ ಪಟ್ಟಿಯನ್ನು ಓದುವ ಭಾಗ ಮೈದುನ ಬರೆದರು. ಹೊಲದಿಂದ ತಾಸು ನಿಮಿಷ ತೆಗೆಯುವ ಲೆಕ್ಕ ನನ್ನದು.

ಹೊಲ ಅಂದರೆ ನಮ್ಮಲ್ಲಿ ಎಕರೆ, ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ರೈತನ ಮಗಳು ನಾನು. ಅಪ್ಪ ಹೊಲದ ಉತಾರ, ಅಂದರೆ ಪಹಣಿ, ತಂದು ನನ್ನ ಕೈಯಲ್ಲಿ ಓದಿಸುತ್ತಿದ್ದ. ಹಾಗಾಗಿ ಹೊಲಕ್ಕೇ ಒಂದು ನಮೂನೆ ಕಟ್ಟಿದೆ: ಎಕರೆ ಬರೆಯಲು ಒಂದು ಚೌಕ, ಗುಂಟೆ ಬರೆಯಲು ಇನ್ನೊಂದು. ಬರೀ ಅಂಕಿ ಕೊಟ್ಟರೆ ತೆಗೆದುಕೊಳ್ಳದು.

ಎಳ್ಳ ಅಮಾವಾಸ್ಯೆ ಮುಗಿದ ಮರುದಿನದಿಂದ ಪಾಳಿ ಸುರುವಾಗಬೇಕಿತ್ತು. ಅಮಾವಾಸ್ಯೆಯ ಮುಂಜಾನೆ ನಮ್ಮ ಮನೆಯಲ್ಲಿ, ಹೊಲದಲ್ಲಿ ಭೂತಾಯಿಗೆ ಚೆಲ್ಲುವ ಚರಗದ ಅಡುಗೆ. ಸಜ್ಜೆಯ ಕಡುಬು ಹಬೆಗೆ ಇಟ್ಟಿದ್ದೆ, ಪುಂಡಿಪಲ್ಯ ಇಳಿಸಿದ್ದೆ, ಶೇಂಗಾ ಹೋಳಿಗೆ ಇನ್ನೂ ಆಗಬೇಕಿತ್ತು. ಆ ಹೊತ್ತಿಗೆ ಮೈದುನ ತಮ್ಮ ಭಾಗವನ್ನು ಕಳಿಸಿದರು. ಜೋಡಿಸಿದೆ. ಕಂಪೈಲರ್ ಕೆಂಪು ಗೆರೆ ಎಳೆಯಿತು. ಇಲ್ಲಿ ಹೊಲ ಬೇಕು, ಬಂದಿರುವುದು ಅಂಕಿ.

ಫೋನ್ ಮಾಡಿದೆ. "ನಿಮ್ಮ ಕಡಿಂದ ಬರೀ ಅಂಕಿ ಬರಾಕತ್ತೈತ್ರಿ. ಎಕರೆ ಗುಂಟಿ ಬ್ಯಾರೆ ಬ್ಯಾರೆ ಕೊಡ್ರಿ."

"ವೈನಿ, ಅದು ಎಕರೆನ. ಅದನ್ನ ಹಂಗ ತಗೋರಿ."

"ಕಂಪೈಲರ್ ಒಲ್ಲೆ ಅಂತೈತಿ."

"ಅದರ ಮಾತು ಎಷ್ಟಂತ ಕೇಳ್ತೀರಿ? ನಂದು ಹನ್ನೆರಡ ಟೆಸ್ಟ್ ಅದಾವ, ಎಲ್ಲಾ ಬರದಿಟ್ಟೇನಿ. ನಿಮ್ಮ ಭಾಗ ಕೂಡಿತಂದ್ರ ಎಲ್ಲಾ ಹಸಿರಾಗ್ತಾವು. ಇವತ್ತ ಸಂಜಿಗಿ ಕೊಡಬೇಕು. ಆಗಂಗಿಲ್ಲ ಅಂದ್ರ ಹೇಳ್ರಿ, ಇಲ್ಲಿ ಹುಡುಗೂರ್ಗೆ ಕೊಡ್ತೇನಿ."

ಆಗಂಗಿಲ್ಲ ಅಂದ್ರ ಹೇಳ್ರಿ. ಆ ಮಾತಿಗೆ ನನ್ನ ಕುರ್ಚಿ ಅಲುಗಿತು. ಒಳಗಿನಿಂದ ಅತ್ತೆ, "ಕಡಬು ಏನ ತಾಸಗಟ್ಲೆ ಬೇಯ್ಬೇಕೇನ?" ಎಂದರು. ನಾನು ನಿಂತಲ್ಲೇ ಬಾಗಿ ಒಂದು ಸಾಲು ಬರೆದೆ. ಬರುವ ಅಂಕಿಯನ್ನು ಎಕರೆಯೆಂದೇ ತಿಳಿ, ಚುಕ್ಕೆಯ ಮುಂದಿನದನ್ನು ನಲವತ್ತರಿಂದ ಗುಣಿಸಿ ಗುಂಟೆ ಮಾಡಿಕೋ ಎಂದು. ಕೆಂಪು ಗೆರೆ ಹೋಯಿತು. ಟೆಸ್ಟ್ ಓಡಿಸಿದೆ. ಹನ್ನೆರಡೂ ಹಸಿರು. ಸಂಘದ ಪಟ್ಟಿಯನ್ನು ತೆರೆದು ನೋಡಬೇಕಿತ್ತು. ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕಡುಬು ಇಳಿಸಲು ಹೋದೆ.

ಸಂಘದ ಮೆಸೇಜಿನ ಕೊನೆಯಲ್ಲಿ ತೊಂದರೆಯಿದ್ದರೆ ಕರೆ ಮಾಡಿ ಎಂದು ನನ್ನ ನಂಬರು ಇತ್ತು. ಹೆಣ್ಣುಮಕ್ಕಳ ಜೊತೆ ಮಾತಾಡಲು ನೀವೇ ಸರಿ ಎಂದು ಮೈದುನ ಹಾಕಿಸಿದ್ದರು. ಮೊದಲ ಸುತ್ತಿನ ಮೂರನೆಯ ದಿನ ಒಬ್ಬ ಹೆಣ್ಣುಮಗಳ ಕರೆ ಬಂತು.

"ಅಕ್ಕಾರ, ನೀರಿನ ಮೆಸೇಜ್ ಕಳಸಾರು ನೀವರೇನ್ರಿ?"

"ಹೌದ್ರಿ, ಹೇಳ್ರಿ."

"ನಂದು ಮೂವತ್ತ ಗುಂಟಿ ಹೊಲ ಐತ್ರಿ. ಐವತ್ನಾಲ್ಕ ಮಿನಿಟ ಅಂತ ಬಂದೈತಿ ಅಂತ ಮಗಳು ಓದಿ ಹೇಳಿದ್ಲು. ಮೊದ್ಲ ಎರಡ ತಾಸಿನ ಮ್ಯಾಲ ಬಿಡತಿದ್ರು."

"ಮೊದ್ಲ ಅಂದಾಜಿನ ಮ್ಯಾಲ ಬಿಡತಿದ್ರವಾ. ಈಗ ಕಂಪ್ಯೂಟರ್ ಲೆಕ್ಕ. ಒಂದ ಮಿನಿಟ ಹೆಚ್ಚಿಲ್ಲ, ಒಂದ ಮಿನಿಟ ಕಡಿಮಿ ಇಲ್ಲ."

"ನೀರು ಕಾಲವಿಯಿಂದ ನನ್ನ ಹೊಲಕ ಬಂದ ಮುಟ್ಟಾಕನ ಅರ್ಧ ತಾಸ ಬೇಕ್ರಿ. ಉಳ್ಳಾಗಡ್ಡಿ ಅಗಿ ಹಚ್ಚೇನಿ. ಮುಂದಿನ ಮಡಿ ತೊಯ್ಯೂದ್ರಾಗ ನೀರು ಬಂದ್ ಆತು."

"ಅದು ಎಲ್ಲಾರಿಗೂ ಅಷ್ಟ."

"ಹಂಗಾರ ನಿಮ್ಮ ಕಂಪ್ಯೂಟರಿಗಿ ನನ್ನ ಹೊಲ ಒಮ್ಮಿ ತೋರಸ್ರಿ," ಎಂದು ಫೋನಿಟ್ಟಳು.

ಮೂವತ್ತು ಗುಂಟೆಗೆ ಎರಡೂಕಾಲು ತಾಸು ಎಂಬುದನ್ನು ನಾನು ಬಾಯಿಯಲ್ಲೇ ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ. ಕಂಪೈಲರ್ ಒಪ್ಪಿದೆ, ಹನ್ನೆರಡು ಹಸಿರು ಇವೆ. ಇನ್ನೊಬ್ಬ ಹೆಣ್ಣುಮಗಳ ಮಾತಿಗೆ ನಾನೇಕೆ ಕದಲಬೇಕು? ನನ್ನ ಕಡೆ ಎರಡು ಸಾಕ್ಷಿ ಇದ್ದವು, ಆಕೆಯ ಕಡೆ ಒಣಗಿದ ಮಣ್ಣು.

ಹನ್ನೆರಡು ದಿನ ಕಳೆದು ಎರಡನೆಯ ಸುತ್ತು ಬಂತು. ಮತ್ತೆ ಆಕೆಯದೇ ಫೋನು. ಈ ಸಲ ದನಿ ಗಟ್ಟಿಯಿತ್ತು.

"ಅರ್ಧ ಹೊಲ ಒಣಗೇತ್ರಿ ಅಕ್ಕಾರ. ಅದನ್ನ ಹೇಳಾಕ ಫೋನ್ ಮಾಡಿಲ್ಲ. ಗಂಡ ತೀರಿ ಎರಡ ವರ್ಷ ಆತು, ಈ ಮೂವತ್ತ ಗುಂಟಿ ನಾನ ಮಾಡಾಕತ್ತೇನಿ. ನಮ್ಮ ಭಾವ ನಾಕ ಮಂದಿ ಮುಂದ ಹೇಳ್ಯಾನ, ಇಕಿಗಿ ನೀರು ಹಾಯಸಾಕ ಬರಂಗಿಲ್ಲ, ಪಾಳ್ಯಾಗ ಕುಂತ ತೂಕಡಿಸಿರಬೇಕು, ಹೊಲ ನಾ ಮಾಡ್ತೇನಿ ಅಂತ. ಬರೂ ಸೋಮವಾರ ಹಿರ್ಯಾರ್ನ ಕೂಡಸ್ತಾನ. ಅವನ ಕೈಗಿ ಹೋದ ಹೊಲ ನನಗ ತಿರುಗಿ ಬರಂಗಿಲ್ಲ. ತಪ್ಪು ನಂದೋ, ನಿಮ್ಮ ಮೆಸೇಜಿಂದೋ, ಅಷ್ಟ ಹೇಳ್ರಿ."

ಆಗ ಪಟ್ಟಿ ತೆರೆದೆ.

ಆಕೆಯ ಸಾಲಿನಲ್ಲಿ 0.30 ಎಂದಿತ್ತು. ಅದು ಸೊನ್ನೆ ಎಕರೆ ಮೂವತ್ತು ಗುಂಟೆ. ನನ್ನ ಆ ಒಂದು ಸಾಲು ಅದನ್ನು ಎಕರೆಯ ಹತ್ತರಲ್ಲಿ ಮೂರು ಭಾಗ ಎಂದು ಓದಿ, ನಲವತ್ತರಿಂದ ಗುಣಿಸಿ, ಹನ್ನೆರಡು ಗುಂಟೆ ಮಾಡಿತ್ತು. ಹನ್ನೆರಡು ಗುಂಟೆಗೆ ಐವತ್ನಾಲ್ಕು ನಿಮಿಷ. ಲೆಕ್ಕದಲ್ಲಿ ಒಂದು ನಿಮಿಷದ ತಪ್ಪೂ ಇರಲಿಲ್ಲ.

ಸಂಘದ ಕಾರಕೂನನಿಗೆ ಫೋನ್ ಹಚ್ಚಿ, ಉತಾರದಲ್ಲಿ ಗೆರೆ ಎಳೆದು ಬರೆಯುವುದನ್ನು ಚುಕ್ಕೆ ಇಟ್ಟು ಏಕೆ ಬರೆದಿರಿ ಎಂದು ಕೇಳಿದೆ.

"ಮೂರು ಗೆರೆ ಇಪ್ಪತ್ತು ಅಂತ ಹೊಡದ್ರ ಕಂಪ್ಯೂಟರ್ ಅದನ್ನ ಮಾರ್ಚ್ ಇಪ್ಪತ್ತು ಅಂತ ತಾರೀಖ ಮಾಡತಿತ್ರಿ ಅಕ್ಕಾರ. ಅದಕ್ಕ ಚುಕ್ಕಿ ಇಟ್ಟೆ. ಊರಾಗ ಎಲ್ಲಾರಿಗೂ ತಿಳೀತೈತಿ."

ಊರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಕನ್ನೊಳ್ಳಿಯಲ್ಲಿ ಹುಟ್ಟಿದ ನನಗೂ ತಿಳಿಯುತ್ತಿತ್ತು, ಒಮ್ಮೆ ತೆರೆದು ನೋಡಿದ್ದರೆ.

ಮೈದುನನ ಹನ್ನೆರಡು ಟೆಸ್ಟ್‌ಗಳನ್ನೂ ಆಗಲೇ ಮೊದಲ ಸಲ ಓದಿದೆ. ಎಂಟು ಎಕರೆ. ನಾಲ್ಕು ಎಕರೆ. ಎರಡು ಎಕರೆ. ಹದಿನಾರು ಎಕರೆ. ನಮ್ಮ ಮನೆಯ ಹೊಲ, ಅವರ ಹೆಂಡತಿಯ ತವರಿನ ಹೊಲ, ಅವರ ಗೆಳೆಯರ ಹೊಲ. ಗುಂಟೆ ಇದ್ದ ಹೊಲ ಒಂದೂ ಇಲ್ಲ. ಅವರು ಬೇಕೆಂದು ಬಿಟ್ಟಿರಲಿಲ್ಲ. ಹೊಲ ಎಂದಾಗ ಅವರ ಕಣ್ಣಿಗೆ ಅಂಥವೇ ಬಂದಿದ್ದವು. ಇಡೀ ಎಕರೆಯಿದ್ದವರಿಗೆ ಈ ತಪ್ಪಿನಿಂದ ಒಂದು ನಿಮಿಷವೂ ಕಡಿಮೆಯಾಗಿರಲಿಲ್ಲ. ಹೊಲ ಸಣ್ಣದಾದಷ್ಟೂ ಪೆಟ್ಟು ದೊಡ್ಡದಾಗಿತ್ತು.

ಮರುದಿನ ಪೂಜೆ ಮುಗಿಸಿ ಲ್ಯಾಪ್‌ಟಾಪನ್ನು ಕೈಚೀಲದಲ್ಲಿಟ್ಟುಕೊಂಡು ಬಾಗೇವಾಡಿಯ ಬಸ್ಸು ಹತ್ತಿದೆ. ಮಾಳಿಗೆಯ ಆಫೀಸಿನಲ್ಲಿ ಮೈದುನ ಒಬ್ಬರೇ ಇದ್ದರು. ತೋರಿಸಿದೆ. ಅವರ ಮುಖ ಬಿಳುಪೇರಿತು. ಅವರಿಗೂ ಕರುಳಿದೆ, ಇಲ್ಲ ಎನ್ನಲಾರೆ. ಆಮೇಲೆ ಮಾತು ಬೇರೆ ಕಡೆ ತಿರುಗಿತು.

"ಟೆಸ್ಟ್ ಎಲ್ಲಾ ಪಾಸ್ ಆಗಿದ್ದುವಲ್ರಿ ವೈನಿ."

"ಗುಂಟಿ ಇದ್ದ ಹೊಲ ಒಂದೂ ಕೇಳಿಲ್ಲ ನೀವು. ಕೇಳಿದ್ದಕ್ಕಷ್ಟ ಅದು ಉತ್ತರ ಕೊಡ್ತೈತಿ."

"ನೀವೂ ಕೇಳಲಿಲ್ಲ."

"ನಾ ಕೇಳಲಿಲ್ಲ, ಖರೆ. ಕಂಪೈಲರ್ ಕೇಳಿತ್ತು. ಅದರ ಬಾಯಿ ನಾನ ಮುಚ್ಚಿದೆ."

"ಅದು ಗುಂಟಿ ಅಂತ ಹೇಳಿತ್ತೇನ್ರಿ? ನಮೂನಿ ಕೂಡಂಗಿಲ್ಲ ಅಂತಷ್ಟ ಹೇಳ್ತು. ಚುಕ್ಕಿ ಮುಂದಿನ ಮೂವತ್ತು ಗುಂಟಿ ಅನ್ನೂದು ಅದಕ್ಕೇನ ಗೊತ್ತು? ಅದನ್ನ ಟೆಸ್ಟನ ಹೇಳಬೇಕಾಗಿತ್ತು."

ಅವರ ಮಾತಿನಲ್ಲಿ ಹುರುಳಿತ್ತು. ಕಂಪೈಲರಿಗೆ ಹೊಲ ಗೊತ್ತಿಲ್ಲ. ಏನೋ ಹೊಂದುತ್ತಿಲ್ಲ, ನಿಂತು ನೋಡು ಎಂದಷ್ಟೇ ಅದು ಹೇಳಬಲ್ಲದು; ಆಮೇಲೆ ನೋಡಬೇಕಾದವಳು ನಾನು. ಟೆಸ್ಟಿಗೆ ಹೊಲ ಗೊತ್ತಿರುತ್ತದೆ, ಆದರೆ ಬರೆದವನಿಗೆ ಗೊತ್ತಿದ್ದಷ್ಟೇ ಹೊಲ. ಒಂದು ಯಾರ ಮುಲಾಜೂ ಇಲ್ಲದೆ ಎಲ್ಲರನ್ನೂ ಬಾಗಿಲಲ್ಲಿ ತಡೆಯುತ್ತದೆ. ಇನ್ನೊಂದು ಒಳಗೆ ಕರೆದು ಕೂರಿಸಿ ಮಾತಾಡಿಸುತ್ತದೆ, ಪರಿಚಯದವರನ್ನು ಮಾತ್ರ. ಎರಡೂ ಬೇಕಿದ್ದವು. ನಾವು ಎರಡನ್ನೂ ಕೆಡಿಸಿದೆವು. ಇದು ನನಗೆ ಈಗ ಹೊಳೆದ ಮಾತಲ್ಲ, ಅಂದೇ ಆ ಮಾಳಿಗೆಯ ಮೇಲೆ ಇಬ್ಬರಿಗೂ ಹೊಳೆದಿತ್ತು. ಆದರೆ ಅವರು ಆಗಲೇ ಮುಂದಿನ ಮಾತಿಗೆ ಹೋಗಿದ್ದರು.

"ಸರಿ ಮಾಡೋಣ. ಉತಾರ ತರಿಸಿ ಪಟ್ಟಿ ಪೂರಾ ಹೊಸದು ಮಾಡೋಣ. ಸಂಘಕ್ಕ ನೆಟ್‌ವರ್ಕ್ ತೊಂದರಿ ಆಗಿತ್ತು ಅಂತ ಹೇಳ್ತೇನಿ. ಇನ್ನೆರಡ ಸಂಘದವರು ಬಂದ ನೋಡಿ ಹೋಗ್ಯಾರ. ಈಗ ನಮ್ಮ ತಪ್ಪು ಅಂತ ಹೊರಗ ಬಿತ್ತಂದ್ರ ಮುಗೀತು."

"ಆ ಹೆಣ್ಣುಮಗಳ ಹೊಲ?"

"ಅದು ಅವರ ಮನಿ ಜಗಳ ವೈನಿ. ಅದರಾಗ ನಾವು ಯಾಕ?"

"ಸೋಮವಾರ ಹಿರ್ಯಾರ ಕೂಡ್ತಾರ. ಆಕಿ ತಪ್ಪಲ್ಲ ಅಂತ ಯಾರರ ಹೇಳಬೇಕಲ್ಲ."

ಅವರು ಕಿಟಕಿಯ ಕಡೆ ನೋಡುತ್ತ, ದನಿ ಏರಿಸದೆ, "ಹೇಳೂದಿದ್ರ ಲ್ಯಾಪ್‌ಟಾಪ್ ಇಲ್ಲೇ ಇಟ್ಟ ಹೋಗ್ರಿ," ಎಂದರು.

ನಾನು ಅದನ್ನು ಅಂದು ಇಟ್ಟು ಬರಲಿಲ್ಲ. ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಸೋಮವಾರಕ್ಕೆ ನಾಲ್ಕು ದಿನವಿತ್ತು. ಎರಡು ದಿನ ಬಾಯಿ ಬಿಡಲಿಲ್ಲ. ಪಟ್ಟಿಯನ್ನು ಸರಿ ಮಾಡುತ್ತ, ಒಂದೊಂದೇ ಉತಾರದ ಫೋಟೋ ನೋಡಿ ಎಕರೆ ಗುಂಟೆ ಬೇರೆ ಮಾಡುತ್ತ ಕುಳಿತೆ. ಕೆಲಸ ಮಾಡಿದರೆ ಪಾಪ ತೊಳೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕೆಲಸವನ್ನು ಮಾಡುತ್ತಿದ್ದದ್ದೂ ಅದೇ ಕುರ್ಚಿಯಲ್ಲಿ ಕುಳಿತೇ.

ಮೂರನೆಯ ದಿನ ಅತ್ತೆಗೆ ಹೇಳಿದೆ. ಒಂದು ಚಿಟಿಕೆ ಹೂರಣಕ್ಕೆ ಇಡೀ ಪಾತ್ರೆ ಚೆಲ್ಲಿದ ಹೆಂಗಸು. ಇವರಾದರೂ ಹೇಳು ಎಂದಾರು ಎಂದುಕೊಂಡಿದ್ದೆ. ಅವರು ಬತ್ತಿ ಹೊಸೆಯುತ್ತಿದ್ದರು.

"ಮನಿ ಮಾತು ಮನ್ಯಾಗ ಇರಲಿ. ಅಂವ ಈಗಷ್ಟ ಕಾಲ ಊರ್ಯಾನ."

"ಆಕಿ ಹೊಲ ಹೋಗ್ತೈತ್ರಿ ಅತ್ತಿ."

"ಊರಾಗ ದಿನಾ ಯಾರದರ ಏನರ ಹೋಗತಿರ್ತೈತಿ. ನೀ ಏನ ಎಲ್ಲಾರಿಗೂ ಜವಾಬ್ದಾರೇನ?"

ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಹದಿನಾರು ವರ್ಷ ಅವರ ಮಡಿಗೆ ತಲೆಬಾಗಿ ನಡೆದಿದ್ದೆ. ಅದು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಅಂದು ಗೊತ್ತಾಯಿತು.

ಯಜಮಾನರಿಗೆ ಹೇಳಿದಾಗ ಬಹಳ ಹೊತ್ತು ಚಹಾದ ಬಟ್ಟಲು ತಿರುಗಿಸುತ್ತ ಕುಳಿತರು. "ಹೋಗೂದಿದ್ರ ಕರಕೊಂಡ ಹೋಗ್ತೇನಿ," ಎಂದರು. "ಆಮ್ಯಾಲ ಅತ್ತರ ನನ್ನ ಕಡಿ ಸಮಾಧಾನ ಇಲ್ಲ." ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಅದನ್ನೂ ನಾನು ದಯೆಯ ಲೆಕ್ಕದಲ್ಲಿ ಇಟ್ಟಿದ್ದೇನೆ.

ಸೋಮವಾರ ಮುಂಜಾನೆ ಅವರ ಮೋಟರ್ ಸೈಕಲ್ ಹಿಂದೆ ಕುಳಿತು ಹೋದೆ. ಊರಿನ ಗುಡಿಯ ಪೌಳಿಯಲ್ಲಿ ಐದು ಮಂದಿ ಹಿರಿಯರು ಕಂಬಳಿಯ ಮೇಲೆ ಕುಳಿತಿದ್ದರು. ಸಂಘದ ಕಾರಕೂನ ಇದ್ದ, ನೀರಗಂಟಿ ಇದ್ದ. ಭಾವ ಒಂದು ಕಂಬಕ್ಕೆ ಒರಗಿದ್ದ. ಆ ಹೆಣ್ಣುಮಗಳು ದೂರದಲ್ಲಿ, ಮೆಟ್ಟಿಲ ಕೆಳಗೆ, ಮಗಳ ಜೊತೆ ನಿಂತಿದ್ದಳು. ಫೋನಿನಲ್ಲಿ ದೊಡ್ಡವಳೆನಿಸಿತ್ತು, ನನಗಿಂತ ಸಣ್ಣ ವಯಸ್ಸು.

ಯಜಮಾನರು ನಾನು ಯಾರೆಂದು ಹೇಳಿ ಹಿಂದೆ ಸರಿದರು. ನಾನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಉತಾರದಲ್ಲಿ ಇದ್ದದ್ದು ಇದು, ನನ್ನ ಲೆಕ್ಕ ಓದಿದ್ದು ಹೀಗೆ, ಮೂವತ್ತು ಗುಂಟೆ ಹನ್ನೆರಡಾಯಿತು, ಎರಡೂಕಾಲು ತಾಸಿನ ನೀರು ಐವತ್ನಾಲ್ಕು ನಿಮಿಷವಾಯಿತು. ಆಕೆ ತೂಕಡಿಸಿಲ್ಲ. ಯಾರು ನಿಂತಿದ್ದರೂ ಆ ನೀರು ಅರ್ಧ ಹೊಲಕ್ಕೂ ಮುಟ್ಟುತ್ತಿರಲಿಲ್ಲ.

ಒಬ್ಬ ಹಿರಿಯರು ಕನ್ನಡಕ ಏರಿಸಿ, "ನಂದು ಐದ ಎಕರೆ. ನನಗೇನೂ ಕಡಿಮಿ ಬಂದಿಲ್ಲಲ್ಲ?" ಎಂದರು.

"ಇಲ್ರಿ. ಗುಂಟಿ ಇದ್ದವರಿಗಷ್ಟ."

"ನಂದು ಒಂಬತ್ತು," ಎಂದರು ಪಕ್ಕದವರು. ಐದು ಮಂದಿಯಲ್ಲಿ ಐದೂ ಮಂದಿಗೆ ಏನೂ ಕಡಿಮೆಯಾಗಿರಲಿಲ್ಲ.

"ಹಂಗಾರ ಉಳದ ನೀರು ಎಲ್ಲಿ ಹೋತು?"

ನೀರಗಂಟಿ ತಲೆ ತುರಿಸಿಕೊಂಡ. "ಸುತ್ತಿನ ಕಡೀಕ ಹಳ್ಳಕ ಹೋತ್ರಿ. ಪಾಳಿ ಮುಗದಾವ ಅಂತ ಫೋನಿನ್ಯಾಗ ಬಂದಿತ್ತು. ನನ್ನ ಮಾತು ಈಗ ಯಾರ ಕೇಳ್ತಾರ್ರಿ?"

ಭಾವ ಕಂಬ ಬಿಟ್ಟು ಬಂದ. "ಹೆಣ್ಣಮಕ್ಕಳು ಒಬ್ಬರಿಗೊಬ್ಬರು ಸಾಕ್ಷಿ ಹೇಳಾಕ ನಿಂತ್ರ ಲೆಕ್ಕ ಎಲ್ಲಿ ಬಗಿಹರೀತೈತಿ? ಕಂಪ್ಯೂಟರ್ ತಪ್ಪು ಮಾಡ್ತೈತೇನ?"

"ಕಂಪ್ಯೂಟರ್ ಮಾಡಿಲ್ರಿ. ನಾ ಮಾಡೇನಿ. ಅದು ತಡೀತು, ನಾ ಕೇಳಲಿಲ್ಲ."

"ನೀವೊಬ್ರನ?" ಎಂದು ಕನ್ನಡಕದವರು ಕೇಳಿದರು.

ಹನ್ನೆರಡು ಟೆಸ್ಟ್‌ಗಳು ನಾಲಿಗೆಯ ತುದಿಗೆ ಬಂದಿದ್ದವು. "ಆ ಸಾಲು ಬರದಾಕಿ ನಾನ್ರಿ," ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮನೆಯ ಮರ್ಯಾದೆಯನ್ನು ಅಷ್ಟರಮಟ್ಟಿಗೆ ಉಳಿಸಿಕೊಟ್ಟೆ. ಯಾರೂ ಅದನ್ನು ನೆನೆಯಲಿಲ್ಲ.

ಹಿರಿಯರು ತಮ್ಮತಮ್ಮಲ್ಲೇ ಮಾತಾಡಿದರು. ಹೊಲ ಆಕೆಯೇ ಮಾಡಲಿ, ಇದರಲ್ಲಿ ಆಕೆಯ ತಪ್ಪಿಲ್ಲ ಎಂದು ಹೇಳಿ ಎದ್ದರು. ಭಾವ ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಮೆಟ್ಟಿಲಿಳಿದು ಆಕೆಯ ಹತ್ತಿರ ಹೋದೆ. ಏನು ಹೇಳಬೇಕೆಂದು ತೋಚದೆ, "ತಪ್ಪಾತವಾ," ಎಂದೆ.

"ಮೊದಲ್ನೇ ಸಲ ಫೋನ್ ಮಾಡಿದಾಗ ತೆಗದ ನೋಡಿದ್ರ ನನ್ನ ಉಳ್ಳಾಗಡ್ಡಿ ಉಳೀತಿದ್ದುವು," ಎಂದಳು. ಸಿಟ್ಟಿನಿಂದಲ್ಲ. ಇದ್ದದ್ದನ್ನು ಹೇಳಿದಳು. ಮನೆಗೆ ಬರ್ರಿ, ಚಹಾ ಕುಡೀರಿ ಎನ್ನಲಿಲ್ಲ. ನಮ್ಮ ಕಡೆ ವೈರಿ ಬಂದು ನಿಂತರೂ ಚಹಾ ಕುಡೀರಿ ಎನ್ನುತ್ತಾರೆ. ಮಗಳ ಕೈ ಹಿಡಿದು ಹೊಲದ ಕಡೆ ನಡೆದುಬಿಟ್ಟಳು.

ಲ್ಯಾಪ್‌ಟಾಪನ್ನು ಯಜಮಾನರು ಮರುದಿನ ಬಾಗೇವಾಡಿಗೆ ಮುಟ್ಟಿಸಿ ಬಂದರು. ಮೈದುನ ಹಬ್ಬಕ್ಕೆ ಬಂದರೆ ಊಟ ಬಡಿಸುತ್ತೇನೆ, ಸಾಕು ಎನ್ನಲು ಕೈ ಅಡ್ಡ ಹಿಡಿಯುತ್ತಾರೆ, ಅಷ್ಟೇ. ನನ್ನ ಜಾಗಕ್ಕೆ ಬಂದ ಹುಡುಗಿ ನಾನು ಬರೆದಿದ್ದ ಎಕರೆ ಗುಂಟೆಯ ನಮೂನೆಯನ್ನು ಹಾಗೆಯೇ ಇಟ್ಟುಕೊಂಡಿದ್ದಾಳಂತೆ. ಮೈದುನ ಮೂವತ್ತು ಗುಂಟೆಯದೊಂದು ಟೆಸ್ಟ್ ಸೇರಿಸಿದ್ದಾರಂತೆ, ಹದಿಮೂರನೆಯದು. ಉಳಿದೆರಡು ಸಂಘಗಳೂ ಇವರ ಕಡೆಯೇ ಬಂದವು. ತಪ್ಪು ಹೊರಬಿದ್ದರೆ ಮುಗಿಯಿತು ಎಂದಿದ್ದರಲ್ಲ, ಏನೂ ಮುಗಿಯಲಿಲ್ಲ. ಮುಗಿದದ್ದು ನನ್ನದೊಂದೇ. ಕಿಟಕಿಯಡಿ ಈಗ ಹೊಲಿಗೆ ಮಷಿನ್ನು ಮತ್ತೆ ಬಂದು ಕುಳಿತಿದೆ.

ಪೂಜೆಗೆ ಕುಳಿತಾಗ ಎಣಿಸುತ್ತೇನೆ. ತಪ್ಪು ಆದದ್ದು ಉಳ್ಳಾಗಡ್ಡಿಯ ನೀರಿನ ಲೆಕ್ಕಕ್ಕೆ, ಯಾರದೋ ಔಷಧದ ಅಳತೆಯ ಲೆಕ್ಕಕ್ಕಲ್ಲ. ಹೋದದ್ದು ಒಂದು ಬೆಳೆ, ಹೊಲವಲ್ಲ. ಯಜಮಾನರು ಜೊತೆಗೆ ಬಂದರು. ಇಷ್ಟು ಎಣಿಸಿದ ಮೇಲೆ ಲೆಕ್ಕ ಮುಂದೆ ಹೋಗುವುದಿಲ್ಲ, ಕೈ ಮುಗಿದು ಎದ್ದುಬಿಡುತ್ತೇನೆ.

ಮೂರನೆಯ ಸುತ್ತಿನ ಪಾಳಿಯ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಆಕೆಯ ಫೋನು ಬಂತು.

"ಅಕ್ಕಾರ, ಎರಡ ತಾಸ ಹದಿನೈದ ಮಿನಿಟ ಅಂತ ಬಂದೈತ್ರಿ. ಖರೇನೋ ಸುಳ್ಳೋ?"

"ನಾ ಈಗ ಅಲ್ಲಿ ಕೆಲಸಕ್ಕಿಲ್ಲವಾ. ಬ್ಯಾರೆ ನಂಬರ್ ಇರಬೇಕು ನೋಡು."

"ಐತಿ, ಬ್ಯಾರೆ ಹುಡುಗಿ ಇದ್ದಾಳ. ಕಂಪ್ಯೂಟರ್ ಲೆಕ್ಕ, ತಪ್ಪಂಗಿಲ್ಲ ಅಂತಾಳ. ಅದಕ್ಕ ನಿಮಗ ಮಾಡಿದ್ನಿ. ಲೆಕ್ಕ ಮಾಡಿ ಹೇಳ್ರಿ."

ಹಲಗೆಯ ಮೇಲೆ ಹರಡಿದ್ದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಬರೆದೆ. ಒಂದು ಗುಂಟೆಗೆ ನಾಲ್ಕೂವರೆ ನಿಮಿಷ, ಮೂವತ್ತರಿಂದ ಗುಣಿಸಿದರೆ ನೂರಾ ಮೂವತ್ತೈದು. ಎರಡು ಸಲ ಅಳಿಸಿ, ಎರಡು ಸಲ ಬರೆದೆ.

"ಖರೆ ಐತಿ," ಎಂದೆ.

"ಹಂಗಾರ ಹೋಗ್ತೇನ್ರಿ, ನೀರು ಬರೂ ಹೊತ್ತಾತು."